ಕುಡಿತ ಬಿಟ್ಟವರ ಗುಂಪು ಹುಡುಕುವ ಮೊದಲು ಗಡಿಯಾರ ನೋಡಿ

ನಾನು ಮೈಸೂರಿನಲ್ಲಿ ಟೈಲರ್. ಕುಡಿಯುತ್ತಿದ್ದಾಗ ಬೆಳಿಗ್ಗೆ ಸೂಜಿಗೆ ದಾರ ಪೋಣಿಸೋಕೆ ಆಗುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಒಂದು ನೈಂಟಿ ಒಳಗೆ ಹೋದ ಮೇಲೆಯೇ ದಾರ ಸೂಜಿಯೊಳಗೆ ಹೋಗುತ್ತಿದ್ದದ್ದು. ಬಿಟ್ಟು ಆರು ವರ್ಷವಾಯಿತು. ಗುಂಪು ಹುಡುಕೋದು ಹೇಗೆ ಅಂತ ಅಂಗಡಿಗೆ ಬಂದು ಮೆತ್ತಗೆ ಕೇಳುವವರಿದ್ದಾರೆ. ಅವರಿಗೆ ಹೇಳೋದನ್ನೇ ಇಲ್ಲಿ ಬರೆದಿದ್ದೇನೆ.

ನಿಮಗೂ ಬೆಳಿಗ್ಗೆ ಕೈ ನಡುಗುತ್ತದಾ? ಹಾಗಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಗುಂಪು ಆಮೇಲೆ. ದಿನಾ ಜಾಸ್ತಿ ಕುಡಿಯುವವರು ಹಠಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಜೀವಕ್ಕೇ ಅಪಾಯ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ.

ಇನ್ನು ಗುಂಪು. ನಾನು ಹೋಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ. ನಾವು ಎಎ ಅಂತೀವಿ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಶೇರು ವ್ಯವಹಾರದ ಬಿಲ್, ಸರ್ಜನ್ ಬಾಬ್ ಅಂತ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಶುರುವಾದದ್ದು. ಇವತ್ತೂ ಅಲ್ಲಿ ನಡೆಯೋದು ಅಷ್ಟೇ, ಕುಡಿದವನ ಮಾತು ಕುಡಿದವನು ಕೇಳೋದು.

ಮೀಟಿಂಗ್‌ಗಳ ಪಟ್ಟಿ ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಎಲ್ಲರೂ ಮನೆಗೆ ಹತ್ತಿರದ್ದು ಯಾವುದು ಅಂತ ನೋಡುತ್ತಾರೆ. ನನ್ನ ಕೇಳಿದರೆ ಮೊದಲು ಟೈಮ್ ನೋಡಿ. ನನಗೆ ಕುಡಿತ ಜೋರಾಗಿ ಎಳೆಯುತ್ತಿದ್ದದ್ದು ಸಂಜೆ ಏಳಕ್ಕೆ, ಅಂಗಡಿ ಶಟರ್ ಎಳೆದ ಕೂಡಲೇ. ಹಾಗಾಗಿ ಏಳು ಗಂಟೆಯ ಮೀಟಿಂಗ್ ಹುಡುಕಿದೆ, ಅದು ಊರಿನ ಆ ತುದಿಗಿದ್ದರೂ ಸರಿ ಅಂತ. ಭಾನುವಾರ ಬೆಳಿಗ್ಗೆಯದ್ದು ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರವಿತ್ತು. ಆದರೆ ನನಗೆ ಕಷ್ಟದ ಹೊತ್ತು ಭಾನುವಾರ ಬೆಳಿಗ್ಗೆ ಅಲ್ಲವಲ್ಲ!

ಹೋಗುವ ಮೊದಲು ಫೋನ್ ಮಾಡಲೇಬೇಕು. ಮೊದಲ ಸಲ ನಾನು ಮಾಡಲಿಲ್ಲ. ಪಟ್ಟಿ ಹಳೆಯದು, ಮೀಟಿಂಗ್ ಬೇರೆ ದಿನಕ್ಕೆ ಬದಲಾಗಿತ್ತು. ಬೀಗ ಹಾಕಿದ ಗೇಟಿನ ಮುಂದೆ ಹತ್ತು ನಿಮಿಷ ನಿಂತೆ. ಎದುರು ರಸ್ತೆಯಲ್ಲೇ ಬಾರ್. ಅವತ್ತು ಎಲ್ಲಿಗೆ ಹೋದೆ ಅಂತ ಬಿಡಿಸಿ ಹೇಳಬೇಕಿಲ್ಲ ತಾನೇ? ಮತ್ತೆ ಇನ್ನೊಂದು ಮೀಟಿಂಗ್ ಹುಡುಕಲು ನಾಲ್ಕು ತಿಂಗಳಾಯಿತು. ಫೋನಿನಲ್ಲಿ ಕಥೆಯೆಲ್ಲ ಹೇಳಬೇಡಿ. ‘ಕುಡಿತ ಬಿಡಬೇಕು ಅಂತಿದ್ದೀನಿ, ಇವತ್ತು ಮೀಟಿಂಗ್ ಇದೆಯಾ, ಕನ್ನಡದಲ್ಲಿ ಮಾತಾಡ್ತಾರಾ, ಹೊಸಬರು ಬರಬಹುದಾ’ ಅಷ್ಟು ಸಾಕು. ಆ ಕಡೆ ಫೋನ್ ಎತ್ತಿದವರೂ ಒಂದು ಕಾಲದ ಕುಡುಕರೇ ಇರುತ್ತಾರೆ. ನನಗೆ ಎತ್ತಿದವರು, ‘ಬನ್ನಿ ಸರ್, ಗೇಟ್ ಹತ್ತಿರ ನಿಂತಿರ್ತೀನಿ’ ಅಂದರು. ನಿಂತೂ ಇದ್ದರು, ಕೈಯಲ್ಲಿ ಕೊಡೆ ಹಿಡಿದುಕೊಂಡು.

ಎಷ್ಟೋ ಮೀಟಿಂಗ್ ನಡೆಯುವುದು ಚರ್ಚಿನ ಕೋಣೆಯಲ್ಲಿ, ಇಲ್ಲ ಶಾಲೆಯಲ್ಲಿ. ನಮ್ಮತ್ತೆ ‘ಅಲ್ಲಿ ಜಾತಿ ಕೆಡಿಸಿಬಿಡ್ತಾರೆ’ ಅಂತ ಹೆದರಿದ್ದರು. ಚರ್ಚಿನವರು ಕೋಣೆ ಕೊಡುತ್ತಾರೆ, ಅಷ್ಟೇ. ದೇವರ ಮಾತು ಬರುತ್ತದೆ ನಿಜ, ಆದರೆ ಯಾವ ದೇವರು ಅನ್ನೋದು ನಿಮಗೆ ಬಿಟ್ಟದ್ದು. ಒಂದೋ ಒಂದೂವರೆಯೋ ಗಂಟೆ ಕೂರಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳ್ತೀನಿ’ ಅಂದರೆ ಮುಗಿಯಿತು. ಫೀಸ್ ಇಲ್ಲ. ಒಂದು ಚೀಲ ಸುತ್ತು ಬರುತ್ತದೆ, ಹಾಕುವವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಹೊಸಬರು ಸುಮ್ನೆ ಪಕ್ಕದವರಿಗೆ ದಾಟಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಯಾರಾದರೂ ಸೇರುವುದಕ್ಕೆ ಇಷ್ಟು ಕಟ್ಟಿ ಅಂದರೆ ಅದು ಎಎ ಅಲ್ಲ, ಎದ್ದು ಬನ್ನಿ.

ಮೊದಲನೇ ಗುಂಪೇ ಒಗ್ಗಬೇಕು ಅಂತೇನಿಲ್ಲ. ನಾನು ಮೂರು ನೋಡಿದೆ. ಒಂದರಲ್ಲಿ ಬರೀ ಇಂಗ್ಲಿಷ್, ನನ್ನ ಸಂಕಟಕ್ಕೆ ಅಲ್ಲಿ ಪದ ಸಿಗಲಿಲ್ಲ. ಎರಡನೆಯದರಲ್ಲಿ ನನ್ನ ಗಿರಾಕಿಯೊಬ್ಬರು ಕೂತಿದ್ದರು. ಇಬ್ಬರೂ ಬೆಚ್ಚಿದೆವು. ಅವರ ಪ್ಯಾಂಟು ಇನ್ನೂ ನನ್ನ ಅಂಗಡಿಯಲ್ಲೇ ಇತ್ತು. ಈಗ ಅದೇ ನನ್ನ ಗುಂಪು, ಅವರೇ ನನ್ನ ಸ್ಪಾನ್ಸರ್, ಅಂದರೆ ಆಸೆ ಬಂದಾಗ ಬಾಟಲಿಗಿಂತ ಮೊದಲು ಫೋನ್ ಮಾಡಬೇಕಾದ ಹಿರಿಯ. ಒಂದೊಂದು ಗುಂಪಿಗೂ ನಾಲ್ಕೈದು ಸಲ ಹೋಗಿ, ಆಮೇಲೆ ತೀರ್ಮಾನ ಮಾಡಿ.

ಹಳ್ಳಿ ಕಡೆಯವರಾದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರನ್ನು ಕೇಳಿ. ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಬಿಟ್ಟವರು ಆಮೇಲೂ ಸೇರುತ್ತಿರಲಿ ಅಂತ ನವಜೀವನ ಸಮಿತಿಗಳಿವೆ. ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ ಅನ್ನುವುದು ನನ್ನ ಲೆಕ್ಕ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪಿದೆ. ನೀವು ಕುಡಿತ ಬಿಡದಿದ್ದರೂ ಅವರು ಹೋಗಬಹುದು. ನನ್ನ ಹೆಂಡತಿ ನನಗಿಂತ ಮೊದಲೇ ಹೋಗಿದ್ದಳು.

ಇನ್ನೊಂದು ಉಪಾಯ. ಗುಂಪು ಒಗ್ಗಿದ ಮೇಲೆ ಒಂದು ಕೆಲಸ ಕೇಳಿ ಪಡೆಯಿರಿ. ಕುರ್ಚಿ ಹಾಕುವುದೋ, ಲೋಟ ತೊಳೆಯುವುದೋ, ಏನಾದರೂ. ಬರದಿದ್ದರೆ ಯಾರಾದರೂ ಫೋನ್ ಮಾಡಿ ಕೇಳುವಂತಿರಬೇಕು. ಬುಧವಾರದ ಟೀ ನನ್ನ ಪಾಲಿಗೆ ಬಂತು. ಸಕ್ಕರೆ ಜಾಸ್ತಿ ಅಂತ ಹಳಬರೆಲ್ಲ ಗೊಣಗುತ್ತಾರೆ. ಕುಡಿತ ಬಿಟ್ಟ ಹೊಸದರಲ್ಲಿ ಬಾಯಿಗೆ ಸಿಹಿ ಬೇಕೇ ಬೇಕು ಅನ್ನಿಸುತ್ತದೆ, ನನಗೂ ಅನ್ನಿಸುತ್ತಿತ್ತು. ಅವರು ಮರೆತಿದ್ದಾರೆ.