ಪರ್ತ್‌ನ ಬೆಳ್ಳಿ ಹಾವು ಅಸಲಿಯೇ? ಒಂದು ಲೋಟ ನೀರಲ್ಲಿ ನೋಡಿ

ನಮಗೆ ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ. ಚೀನೀ ಪಂಚಾಂಗಕ್ಕೂ 60 ವರ್ಷದ ಸುತ್ತು ಇದೆ. ಆದರೆ ಜನರ ಬಾಯಲ್ಲಿ ಇರೋದು ಅದರ 12 ಪ್ರಾಣಿಗಳು, ಇಲಿಯಿಂದ ಹಂದಿವರೆಗೆ. ಆಸ್ಟ್ರೇಲಿಯಾದ ಪರ್ತ್ ಮಿಂಟ್ ಎಂಬ ಟಂಕಸಾಲೆ ಈ ಪ್ರಾಣಿಗಳನ್ನು 1996ರಿಂದ ಚಿನ್ನದ ಮೇಲೆ, 1999ರಿಂದ ಬೆಳ್ಳಿಯ ಮೇಲೆ ಅಚ್ಚು ಹಾಕುತ್ತಿದೆ. ಕೊಳ್ಳುವವರು ದೇಶದೇಶಗಳ ಸಂಗ್ರಹಕಾರರು. ಒಂದು ಔನ್ಸ್ ಬೆಳ್ಳಿ ನಾಣ್ಯದ ಮುಖಬೆಲೆ 1 ಆಸ್ಟ್ರೇಲಿಯನ್ ಡಾಲರ್. ಆ ಬೆಲೆಗೆ ಯಾರೂ ಖರ್ಚು ಮಾಡಲ್ಲ ಬಿಡಿ. ಅದರೊಳಗಿನ ಬೆಳ್ಳಿಗೇ ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆ. ಅದಕ್ಕೇ ನಕಲಿಯೂ ಬರುತ್ತದೆ.

ಮೊದಲು ವರ್ಷ ನೋಡಿ. ಉಡುಗೊರೆಗೆ ಕೊಳ್ಳುವವರು ಎಡವುವುದು ಇಲ್ಲೇ. ಡ್ರ್ಯಾಗನ್ ವರ್ಷ ಶುರುವಾಗಿದ್ದು 2024ರ ಫೆಬ್ರವರಿ 10ಕ್ಕೆ. ಆ ಜನವರಿಯಲ್ಲಿ ಹುಟ್ಟಿದ ಮಗು ಇನ್ನೂ ಮೊಲದ ವರ್ಷದ್ದು.

ಆಮೇಲೆ ಅಳತೆ. ಸರಣಿ ಮೂರಿವೆ. ಎರಡನೆಯದು (2008ರಿಂದ 2019) ಅಗಲ ಜಾಸ್ತಿ, 45.6 ಮಿ.ಮೀ. 2020ರಿಂದ ಬಂದ ಮೂರನೆಯದು 40.9 ಮಿ.ಮೀ. ಹಾಗಾಗಿ 2013ರ ಹಾವಿಗಿಂತ 2025ರ ಹಾವು ಚಿಕ್ಕದಿದ್ದರೆ ಗಾಬರಿ ಬೇಡ. ತೂಕ ಮಾತ್ರ ಎರಡಕ್ಕೂ ಒಂದೇ, 31.1 ಗ್ರಾಂ. ಅಯಸ್ಕಾಂತ ಹಿಡಿದರೆ ಅಂಟಬಾರದು. ಹಾಗಂತ ಅಷ್ಟಕ್ಕೇ ನಂಬಬೇಡಿ, ತಾಮ್ರವೂ ಅಂಟಲ್ಲ.

ಈಗ ನೀರಿನ ಪರೀಕ್ಷೆ. ಗ್ರಾಂನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ಲೋಟದಲ್ಲಿ ಶುದ್ಧ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳ, ಅಂಚು ತಾಗಬಾರದು. ಗುಳ್ಳೆ ಅಂಟಿದ್ದರೆ ದಾರವನ್ನು ಮೆಲ್ಲಗೆ ಅಲ್ಲಾಡಿಸಿ. ತಕ್ಕಡಿ 2.96ರ ಆಸುಪಾಸು ತೋರಿಸಿದರೆ ಬೆಳ್ಳಿಯ ಲೆಕ್ಕಕ್ಕೆ ಸರಿ. ಅಷ್ಟೇ ತೂಕದ ತಾಮ್ರವಾದರೆ 3.47, ಸೀಸವಾದರೆ 2.74. ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯಕ್ಕೆ ಮಾತ್ರ ಈ ಸ್ನಾನ ಬೇಡ. ಅದನ್ನು ಡಬ್ಬಿ, ಪ್ರಮಾಣಪತ್ರದ ಜೊತೆಗೇ ಕೊಳ್ಳಿ.

ವಿದೇಶದಿಂದ ತರಿಸುವುದಾದರೆ ಬೆಳ್ಳಿ ಆಮದಿನ ನಿಯಮ, ಸುಂಕ ಆರ್ಡರ್‌ಗೆ ಮೊದಲೇ ವಿಚಾರಿಸಿಕೊಳ್ಳಿ. ಅದು ಆಗಾಗ ಬದಲಾಗುತ್ತದೆ.

ಮುಟ್ಟುವಾಗ ಅಂಚು ಮಾತ್ರ ಹಿಡಿಯಿರಿ. ಒದ್ದೆಯಾದರೆ ಮೆತ್ತನೆ ಬಟ್ಟೆಯಿಂದ ಒತ್ತಿ, ಒರೆಸಬೇಡಿ. ಪಿವಿಸಿ ಕವರ್ ಬೇಡ, ಗಟ್ಟಿ ಕ್ಯಾಪ್ಸೂಲೇ ಇರಲಿ. ಬಿಳಿ ಚುಕ್ಕೆ ಕಂಡರೂ ಸುಮ್ನೆ ಬಿಡಿ. ನಾನು ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದ್ದೆ. ಚುಕ್ಕೆ ಹಾಗೇ ಉಳಿಯಿತು, ಹಾವಿನ ಮೈತುಂಬ ಗೀರು ಬಿತ್ತು.