ಸ್ಟಾಡ್: ಗಾಳಿ ನಿಂತ ಮೇಲೆ

"ಜೂನಲ್ಲಿ ಯಾರಾದ್ರೂ ಕಡಲಿಗೆ ಇಳಿತಾರಾ ಮಾರಾಯ?" ಅಂತ ಅಪ್ಪ ಫೋನಲ್ಲಿ ಕೇಳಿದರು. ಮಲ್ಪೆಯವರು ಕೇಳುವ ಪ್ರಶ್ನೆಯೇ ಅದು. ಊರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲೇ ಇರಬೇಕು. ನಾರ್ವೆಯಲ್ಲಿ ಉಲ್ಟಾ, ದೋಣಿ ಬಿಚ್ಚುವ ಕಾಲವೇ ಅದು. ನಾನು, ನನ್ನ ಹೆಂಡತಿ 31 ಅಡಿಯ ಹಳೇ ಹಾಯಿದೋಣಿಯಲ್ಲಿ ಬರ್ಗನ್‌ನಿಂದ ಉತ್ತರದ ಬೋಡೊಗೆ ಹೊರಟಿದ್ದೆವು.

ಇಲ್ಲಿ 1980ರಿಂದೀಚೆಗೆ ಹುಟ್ಟಿದವರು 8 ಮೀಟರಿಗಿಂತ ಉದ್ದದ ದೋಣಿ ನಡೆಸಬೇಕಾದರೆ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಕಲಿತದ್ದರಲ್ಲಿ ದಿನಾ ಕೆಲಸಕ್ಕೆ ಬಂದದ್ದು ಬಂಡೆಗಳ ಮೇಲೆ ನೆಟ್ಟ ಕಬ್ಬಿಣದ ಕಂಬಗಳ ಗುರುತು. ಕಂಬದ ತಲೆಯಲ್ಲೊಂದು ಕೈ ಇರುತ್ತದೆ. ಅದು ತೋರಿಸುವ ಕಡೆ ದಾರಿ.

ಕರಾವಳಿಯುದ್ದಕ್ಕೂ ಸಾವಿರಾರು ನಡುಗಡ್ಡೆಗಳಿವೆ. ಅವುಗಳ ಮರೆಯಲ್ಲೇ ಒಳದಾರಿ ಹೋಗುತ್ತದೆ. ಎಷ್ಟೋ ದಿನ ಕೆರೆಯಲ್ಲಿ ಹೋದ ಹಾಗಿರುತ್ತದೆ. ಆದರೆ ಸ್ಟಾಡ್ ಅನ್ನುವ ಮೂಲೆಯಲ್ಲಿ ನೆಲ ನೇರ ಸಮುದ್ರಕ್ಕೆ ಚಾಚಿಕೊಂಡಿದೆ. ಅಲ್ಲಿ ಮರೆ ಇಲ್ಲ. ಹಿಂದೆ ವೈಕಿಂಗರು ಇದನ್ನು ಸುತ್ತುವ ಬದಲು ಡ್ರಾಗ್ಸೈಡೆ ಎಂಬಲ್ಲಿ ದೋಣಿಗಳನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರಂತೆ. ಅದೇನು ಸುಮ್ನೆ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಸ್ಟಾಡಿಗಿಂತ ಮೊದಲು ಸಿಗುವ ಮೊಲೊಯ್ ಬಂದರಿನಲ್ಲಿ ಮೂರು ದಿನ ನೈಋತ್ಯ ಗಾಳಿ ಬಡಿಯಿತು. ನಾಲ್ಕನೇ ದಿನ ಆ್ಯಪಿನಲ್ಲಿ ಗಾಳಿ ಹೆಚ್ಚುಕಡಿಮೆ ಸೊನ್ನೆ. ಖುಷಿಯಲ್ಲಿ ಹೊರಟೆವು. ಹೊರಗೆ ಗಾಳಿ ನಿಜವಾಗಿಯೂ ಇರಲಿಲ್ಲ. ಅಲೆಗಳು ಮಾತ್ರ ಹಾಗೇ ಇದ್ದವು! ನೈಋತ್ಯದ ಹಳೇ ಅಲೆ, ವಾಯವ್ಯದಿಂದ ಇನ್ನೊಂದು, ಬಂಡೆಗೆ ಹೊಡೆದು ವಾಪಸ್ ಬರುವ ಮತ್ತೊಂದು. ಗಾಳಿಯಿಲ್ಲದೆ ಹಾಯಿ ಪಟಪಟ ಬಡಿಯುತ್ತಿತ್ತು. ಹಾಯಿಯಲ್ಲಿ ಗಾಳಿ ತುಂಬಿದ್ದರೆ ದೋಣಿ ಒಂದು ಕಡೆಗಾದರೂ ವಾಲಿ ನಿಲ್ಲುತ್ತದೆ. ಈಗ ಎರಡೂ ಕಡೆ ಹೊರಳುತ್ತಿತ್ತು. ಹೆಂಡತಿ ಬಕೆಟ್ ಬಿಡಲೇ ಇಲ್ಲ.

ಅಷ್ಟರಲ್ಲಿ ಎಂಜಿನ್ ಕೆಮ್ಮಿತು. ಹಳೇ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತಿದ್ದ ಗಷ್ಟು ಕುಲುಕಿ ಎದ್ದು ಡೀಸೆಲ್ ಫಿಲ್ಟರ್ ಕಟ್ಟಿತ್ತು. ಚಳಿಗಾಲದಲ್ಲಿ ಟ್ಯಾಂಕ್ ತೊಳೆಸಬೇಕು ಅಂತ ಪಟ್ಟಿಯಲ್ಲಿ ಬರೆದಿದ್ದೆ, ಮಾಡಿಸಿರಲಿಲ್ಲ. ಕುಂಟುತ್ತಾ ಹಿಂದಿರುಗಿ ಸಿಲ್ಡಾ ದ್ವೀಪದ ಪುಟ್ಟ ಬಂದರು ಸೇರಿದೆವು. ಫಿಲ್ಟರ್ ಬದಲಿಸಿದೆ. ಕೈಗೆ ಹತ್ತಿದ ಡೀಸೆಲ್ ವಾಸನೆ ಎರಡು ದಿನ ಅನ್ನದಲ್ಲೂ ಬಂತು.

ಆ ಎರಡು ದಿನ ಗಾಳಿಯ ಲೆಕ್ಕ ಬಿಟ್ಟು ಅಲೆಯ ಎತ್ತರ, ಅದು ಬರುವ ದಿಕ್ಕು ನೋಡುತ್ತಾ ಕೂತೆವು. ಗಾಳಿ ನಿಂತ ಮೇಲೂ ಸ್ಟಾಡಿನಲ್ಲಿ ಕಡಲು ಎರಡು ಮೂರು ದಿನ ಒರಟಾಗಿಯೇ ಇರುತ್ತದೆ. ಕೊನೆಗೆ ಬೆಳಗಿನ ಜಾವ 4ಕ್ಕೆ ಬಿಟ್ಟು, ಸ್ಟಾಡ್ ದಾಟಿ ಮಧ್ಯಾಹ್ನದ ಊಟಕ್ಕೆ ಫೋಸ್ನವೋಗ್ ಸೇರಿದೆವು. ದಾರಿಯಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ.

ಮುಂದೆ ಬ್ರೊನ್ನೊಯ್‌ಸುಂಡ್ ಹತ್ತಿರ ಟೋರ್ಗ್‌ಹಾಟನ್ ಗುಡ್ಡ ಹತ್ತಿದೆವು. ಗುಡ್ಡದ ಈಚೆಯಿಂದ ಆಚೆಗೆ ಸುಮಾರು 160 ಮೀಟರ್ ಉದ್ದದ ತೂತು! ಆರ್ಕ್ಟಿಕ್ ವೃತ್ತ ದಾಟುವಾಗ ವಿಕಿಂಗೆನ್ ನಡುಗಡ್ಡೆಯ ಮೇಲಿನ ಗ್ಲೋಬ್ ಕಂಡಿತು. ಮಧ್ಯರಾತ್ರಿಯ ಸೂರ್ಯ ಮಾತ್ರ ಮೋಡದ ಹಿಂದೆ.

ಉತ್ತರಕ್ಕೆ ಹೋದಂತೆ ಭರತ ಇಳಿತ ಜಾಸ್ತಿ. ಬೋಡೊ ಕಡೆ ಅಮಾವಾಸ್ಯೆ ಹುಣ್ಣಿಮೆಗೆ ನೀರು ಮೂರು ಮೀಟರ್‌ನಷ್ಟು ಏರಿಳಿಯುತ್ತದೆ. ಮಲ್ಪೆಯ ಅಭ್ಯಾಸದಲ್ಲಿ ಒಂದು ಮೀನಿನ ದಕ್ಕೆಗೆ ಹಗ್ಗ ಬಿಗಿಯಾಗಿ ಕಟ್ಟಿ ಮಲಗಿದ್ದೆ. ರಾತ್ರಿ ಎರಡಕ್ಕೆ ಕಿರ್ರ್ ಅಂತ ಸದ್ದು. ನೀರು ಇಳಿದು ದೋಣಿ ಹಗ್ಗಕ್ಕೆ ನೇತಾಡುತ್ತಿತ್ತು. ಬಿಗಿದ ಗಂಟು ಬಿಚ್ಚಲಾಗದೆ ಒಂದು ಹಗ್ಗ ಕತ್ತರಿಸಿದೆ. ಅಲ್ಲಿಂದ ಮುಂದೆ ಹಗ್ಗ ದೋಣಿಯಷ್ಟೇ ಉದ್ದ ಬಿಡುತ್ತಿದ್ದೆ. ತೇಲುವ ಜೆಟ್ಟಿ ಸಿಕ್ಕರೆ ಈ ತಲೆನೋವೇ ಇಲ್ಲ.

ಬೋಡೊ ಪಕ್ಕದ ಸಾಲ್ಟ್‌ಸ್ಟ್ರೌಮೆನ್ ಜಲಸಂಧಿಯಲ್ಲಿ ನೀರಿನ ಸೆಳೆತ 20 ನಾಟ್‌ವರೆಗೂ (ಗಂಟೆಗೆ ಸುಮಾರು 37 ಕಿ.ಮೀ.) ಹೋಗುತ್ತದೆ. ನಮ್ಮ ದೋಣಿಯ ವೇಗ 6. ಸುಳಿಗಳ ವಿಡಿಯೋ ಅಪ್ಪನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಅದರೊಳಗೆ ಹೋಗಿಲ್ಲ ತಾನೇ?"

"ಇಲ್ಲಪ್ಪ, ಬಸ್ಸಲ್ಲಿ ಬಂದದ್ದು."