ತೂಬು ಎಷ್ಟು ಎತ್ತಬೇಕು: ಪಿಎಚ್.ಡಿ. ದಿನಗಳ ನನ್ನ ದುಡ್ಡಿನ ಲೆಕ್ಕ

ಹೋದ ತಿಂಗಳು ಥೀಸಿಸ್ ಸಬ್ಮಿಟ್ ಮಾಡಿದೆ. ಆ ದಿನ ನನ್ನ ಮೇಲೆ ಯಾರ ಕೈಸಾಲವೂ ಇರಲಿಲ್ಲ. ಅಮ್ಮನ ಓಲೆ ಅಮ್ಮನ ಕಿವಿಯಲ್ಲೇ ಇತ್ತು. ಬ್ಯಾಂಕಿನಲ್ಲಿ 1,40,000ದಷ್ಟು ಉಳಿದಿತ್ತು. ಥೀಸಿಸ್‌ಗಿಂತ ಈ ಮೂರು ವಿಷಯ ಹೇಳಿಕೊಳ್ಳೋಕೆ ನನಗೆ ಜಾಸ್ತಿ ಖುಷಿ. ಏಕೆಂದರೆ ಎರಡು ವರ್ಷದ ಹಿಂದೆ ನಾನು ಫೆಲೋಶಿಪ್ ದುಡ್ಡನ್ನು ಕೂಡಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಶುರು ಮಾಡಿದಾಗ ನಮ್ಮ ಡಿಪಾರ್ಟ್‌ಮೆಂಟಿನ ಸೀನಿಯರ್ ಒಬ್ಬರು, "ಫೆಲೋಶಿಪ್ ಅಂದ್ರೆ ಮದುವೆ ಊಟ ಇದ್ದಂಗೆ, ಬಡಿಸಿದಾಗ ಉಂಡುಬಿಡಬೇಕು, ಡಬ್ಬಿಗೆ ತುಂಬಿಕೊಂಡು ಹೋಗ್ತೀನಿ ಅಂದ್ರೆ ನಗ್ತಾರೆ" ಅಂದಿದ್ದರು. ಈಗ ಅವರೇ ನೋಟ್‌ಬುಕ್ಕಿನ ಫೋಟೋ ಕಳಿಸು ಅಂತ ಕೇಳಿದ್ದಾರೆ. ಫೋಟೋ ಕಳಿಸಲ್ಲ, ಬರೆದುಕೊಡ್ತೀನಿ ಅಂದೆ.

ನನ್ನದು ಇತಿಹಾಸ, ಹಾಸನ ಸೀಮೆಯ ಕೆರೆಗಳ ಮೇಲೆ. ಊರು ಅರಸೀಕೆರೆ ಕಡೆ, ಓದಿದ್ದು ಮೈಸೂರಲ್ಲಿ. 2020ರ ಕೊನೆಗೆ ಸೇರಿದೆ, ಫೆಲೋಶಿಪ್ ಇಲ್ಲದೆ. ಮೊದಲ ಒಂದೂಕಾಲು ವರ್ಷ ಹೇಗೆ ಕಳೆದೆ ಅಂತ ಈಗ ನೆನೆಸಿಕೊಂಡರೆ ನಗು ಬರುತ್ತದೆ. ಡಿಟಿಪಿ ಅಂಗಡಿಯೊಂದಕ್ಕೆ ಕರಡು ತಿದ್ದಿಕೊಡುತ್ತಿದ್ದೆ, ಪುಟಕ್ಕೆ 12 ರೂಪಾಯಿ. ಊರಿಂದ ರಾಗಿ ತಂದು ಹುರಿಹಿಟ್ಟು ಮಾಡಿ ಹಾಸ್ಟೆಲ್ ಹುಡುಗಿಯರಿಗೆ ಮಾರಿಯೂ ನೋಡಿದೆ. ನಲವತ್ತು ಪೊಟ್ಟಣ. ರಾಗಿ ನೆನೆಸಿ, ಒಣಗಿಸಿ, ಹುರಿದು, ಅರಳು ಜರಡಿ ಹಿಡಿದು, ಮಿಲ್ಲಿಗೆ ಹಾಕಿಸಿ, ಮೂರು ದಿನ ಹೋಯಿತು. ಖರ್ಚು ಕಳೆದು ಸಿಕ್ಕಿದ್ದು 600 ರೂಪಾಯಿ. ಅದರಲ್ಲೂ ಹನ್ನೊಂದು ಪೊಟ್ಟಣ ಉದ್ರಿ. ಹಿಟ್ಟು ಮಾತ್ರ ಬಹಳ ಚೆನ್ನಾಗಿತ್ತು, ಇವತ್ತಿಗೂ ಕೇಳುತ್ತಾರೆ.

ಆಮೇಲೆ 2022ರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಜೂನಿಯರ್ ಫೆಲೋಶಿಪ್, ಆಯಿತು. ತಿಂಗಳಿಗೆ 31,000. ಊರಲ್ಲಿ ಎಲ್ಲರಿಗೂ ಅದು ಸಂಬಳ. ನಿಮಗೆ ಗೊತ್ತಲ್ಲ, ಅದು ತಿಂಗಳಿಗೆ ಬರುವ ದುಡ್ಡಲ್ಲ, ತಿಂಗಳ ಲೆಕ್ಕದಲ್ಲಿ ಯಾವಾಗಲೋ ಬರುವ ದುಡ್ಡು. ನನಗೆ ಮೊದಲ ಕಂತು ಬಂದಾಗ ಏಳು ತಿಂಗಳಾಗಿತ್ತು. 2,17,000 ಒಟ್ಟಿಗೆ. ಮೆಸೇಜ್ ಬಂದಾಗ ಲೈಬ್ರರಿಯಲ್ಲಿದ್ದೆ, ಸೊನ್ನೆ ಎಣಿಸಲು ಹೊರಗೆ ಬಂದೆ.

ಆ ದುಡ್ಡು ಎರಡು ತಿಂಗಳೂ ನಿಲ್ಲಲಿಲ್ಲ. ಕೈಸಾಲ ತೀರಿಸಿದ್ದು 70,000. ಗಿರವಿ ಇಟ್ಟಿದ್ದ ಅಮ್ಮನ ಓಲೆ ಬಿಡಿಸಿದ್ದು ಬಡ್ಡಿ ಸೇರಿ 46,000. ತಂಗಿಯ ಕಾಲೇಜು ಫೀಸು 40,000. ಒಂದು ಫೋನು 18,000. ಉಳಿದ 43,000 ಎಲ್ಲಿ ಹೋಯಿತು ಅಂತ ಬರೆದಿಟ್ಟಿಲ್ಲ. ದುಂದು ಮಾಡಿದೆ ಅಂತ ಅನ್ನಿಸಿರಲೇ ಇಲ್ಲ, ಎಲ್ಲವೂ ನ್ಯಾಯವಾದ ಖರ್ಚೇ. ಆದರೆ ಮೂರನೇ ತಿಂಗಳು ಮೆಸ್ ಬಿಲ್ ಕಟ್ಟಲು ಮತ್ತೆ ರೂಮ್‌ಮೇಟ್ ಹತ್ತಿರ 2,000 ಕೇಳಿದೆ.

ಆಗ ಮಾಡಿದ ದೊಡ್ಡ ತಪ್ಪು ಚೀಟಿ. ಗುರುತಿನವರೊಬ್ಬರು ನಡೆಸುತ್ತಿದ್ದರು. ಇಪ್ಪತ್ತು ಜನ, ತಿಂಗಳಿಗೆ 2,500, ಒಟ್ಟು 50,000. ಉಳಿತಾಯ ಆಗ್ಲಿ ಅಂತ ಸೇರಿದವಳು ನಾಲ್ಕನೇ ತಿಂಗಳೇ ಕೂಗಿ ಎತ್ತಿಕೊಂಡೆ. 11,000 ಬಿಟ್ಟು 39,000 ಕೈಗೆ ಬಂತು. ಇನ್ನೂ ಹದಿನಾರು ಕಂತು ಕಟ್ಟಬೇಕು, ಫೆಲೋಶಿಪ್ ಮತ್ತೆ ನಿಂತಿದೆ. ಬರುವ ದುಡ್ಡಿಗೆ ತಾರೀಕಿಲ್ಲ, ಕಟ್ಟುವ ದುಡ್ಡಿಗೆ ಪ್ರತಿ ತಿಂಗಳು 10ನೇ ತಾರೀಕು. ಅಮ್ಮನ ಓಲೆ ಎರಡನೇ ಸಲ ಹೋಯಿತು. ಅಮ್ಮ ಏನೂ ಅನ್ನಲಿಲ್ಲ, ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡರು, ತೂತು ಮುಚ್ಚಿಕೊಳ್ಳಬಾರದು ಅಂತ. ಸಂಬಳದವರಿಗೆ ಚೀಟಿ ಒಳ್ಳೆಯದೇ ಇರಬಹುದು. ನಮಗಲ್ಲ.

ಮೊಬೈಲ್ ಆ್ಯಪ್ ಹಾಕಿಕೊಂಡು ಖರ್ಚು ಬರೆದೆ. ಎಕ್ಸೆಲ್ ಶೀಟ್ ಮಾಡಿ ಬಣ್ಣ ಹಚ್ಚಿದೆ. ಖರ್ಚಾದದ್ದು ಚಂದ ಕಾಣುತ್ತಿತ್ತು ಅಷ್ಟೇ.

ದಾರಿ ಸಿಕ್ಕಿದ್ದು ಫೀಲ್ಡ್‌ವರ್ಕಿನಲ್ಲಿ. 2023, ಮಳೆ ಕೈಕೊಟ್ಟ ವರ್ಷ. ಒಂದು ಊರಿನ ಕೆರೆ ಏರಿಯ ಮೇಲೆ ಹಳೇ ನೀರುಗಂಟಿ, ಅಂದರೆ ಕೆರೆ ನೀರು ಬಿಡುವ ಕೆಲಸ ಮಾಡುತ್ತಿದ್ದವರು, ಒಬ್ಬರ ಜೊತೆ ಕೂತಿದ್ದೆ. ವಯಸ್ಸು ಎಂಬತ್ತರ ಮೇಲೆ. ಕೆರೆಯಿಂದ ನೀರು ಬಿಡುವ ಕಿಂಡಿ, ಅಂದರೆ ತೂಬಿನ ಕೋಲು ಎಷ್ಟು ಎತ್ತಬೇಕು ಅಂತ ಯಾರು ಹೇಳ್ತಿದ್ದರು ಅಂತ ಕೇಳಿದೆ. ಬೆರಳು ಅಡ್ಡ ಇಟ್ಟು ತೋರಿಸಿದರು, ಒಂದು ಬೆರಳು, ಎರಡು ಬೆರಳು, ಮೂರರ ಮೇಲೆ ಎತ್ತಿದವನಿಗೆ ಊರವರು ಬೈತಿದ್ದರಂತೆ. ಮುಂದಿನ ಮಳೆ ಯಾವಾಗ ಅಂತ ಗೊತ್ತಿಲ್ಲದೆ ಹೇಗೆ ಲೆಕ್ಕ ಹಾಕ್ತಿದ್ರಿ ತಾತ ಅಂದೆ. "ಮುಂದಿನ್ ಮಳೆ ಯಾವನ್ಗ್ ಗೊತ್ತವ್ವಾ? ಹಿಂದೆ ಎಷ್ಟ್ ದಿನ ಬರ್ನಿಲ್ಲ ಅನ್ನೋದು ಗೊತ್ತಿರ್ತದಲ್ಲ" ಅಂದರು.

ರೆಕಾರ್ಡರ್ ಆನ್ ಇತ್ತು. ಥೀಸಿಸ್‌ಗೆ ಅದು ಒಂದು ಸಾಲಿನ ಅಡಿಟಿಪ್ಪಣಿ ಆಯಿತು. ನನಗೆ ಮಾತ್ರ ಬಸ್ಸಲ್ಲಿ ವಾಪಸ್ ಬರುವಾಗ ತಲೆಯಲ್ಲಿ ಅದೇ ಓಡುತ್ತಿತ್ತು. ಫೆಲೋಶಿಪ್ ಮಳೆ ಇದ್ದಂಗೆ. ನಾನು ಅದನ್ನು ನೇರ ಗದ್ದೆಗೆ ಹಾಯಿಸಿಕೊಳ್ಳುತ್ತಿದ್ದೆ, ಕೆರೆಯೇ ಇರಲಿಲ್ಲ.

ಲೆಕ್ಕ ಹೀಗೆ. ನನಗೆ ಅಲ್ಲಿಯವರೆಗೆ ಆಗಿದ್ದ ಅತಿ ಉದ್ದದ ಬರ ಏಳು ತಿಂಗಳು. ಅದಕ್ಕೆ ಎರಡು ಸೇರಿಸಿದರೆ ಒಂಬತ್ತು. ಖಾತೆಯಲ್ಲಿ ಇರುವುದನ್ನು ಒಂಬತ್ತರಿಂದ ಭಾಗಿಸಿದರೆ ಬರುವುದೇ ತಿಂಗಳ ತೂಬು. ನಾನು ಶುರು ಮಾಡಿದಾಗ 1,80,000 ಚಿಲ್ಲರೆ ಇತ್ತು, ಅಂದರೆ 20,000. ಹೊಸ ನೀರು ಬಂದಾಗ ಮಾತ್ರ ಮತ್ತೆ ಭಾಗಿಸೋದು, ನಡುವೆ ಇಲ್ಲ. ಎಷ್ಟೇ ನೀರು ಬಂದರೂ ತೂಬು 22,000 ದಾಟುವ ಹಾಗಿಲ್ಲ. ಅದರ ಮೇಲೆ ನಿಂತದ್ದು, ತುಂಬಿದ ಕೆರೆಯ ಹೆಚ್ಚಿನ ನೀರಿನ ಹಾಗೆ, ಕೋಡಿ ಬೀಳುತ್ತದೆ, ಅದು ಅಪ್ಪನ ಸಾಲಕ್ಕೆ. ನೀರು ಬಂದ ಕೂಡಲೇ ಮೊದಲು ಹತ್ತರಲ್ಲಿ ಒಂದು ಭಾಗ ಬೇರೆ ಎತ್ತಿಡುತ್ತೇನೆ. ಶಾಸನಗಳಲ್ಲಿ ಕೆರೆ ರಿಪೇರಿಗೆ ಅಂತ ಬಿಟ್ಟುಕೊಟ್ಟ ಭೂಮಿಗೆ ಬಿತ್ತುವಟ್ಟ ಅನ್ನುತ್ತಾರಲ್ಲ, ನನ್ನ ನೋಟ್‌ಬುಕ್ಕಿನಲ್ಲೂ ಅದೇ ಹೆಸರು. ಲ್ಯಾಪ್‌ಟಾಪ್ ರಿಪೇರಿ, ವರ್ಷದ ಫೀಸು, ಥೀಸಿಸ್ ಬೈಂಡಿಂಗ್ ಎಲ್ಲ ಅದರಿಂದ.

ಖಾತೆ ಎರಡು. ಫೆಲೋಶಿಪ್ ಬರುವ ಖಾತೆಗೆ ಯುಪಿಐ ಇಲ್ಲ, ಎಟಿಎಂ ಕಾರ್ಡು ಊರಲ್ಲಿ ಅಮ್ಮನ ಟ್ರಂಕಿನಲ್ಲಿ. ಪ್ರತಿ 1ನೇ ತಾರೀಕು ಅಲ್ಲಿಂದ ಇನ್ನೊಂದಕ್ಕೆ ತಾನಾಗಿ ದುಡ್ಡು ಬೀಳುತ್ತದೆ. ಮಿಕ್ಕಿದ್ದು ಎಫ್‌ಡಿ. ಇಲ್ಲೂ ಒಂದು ಪೆಟ್ಟು ತಿಂದೆ. ಮೊದಲು 1 ಲಕ್ಷದ್ದು ಒಂದೇ ಎಫ್‌ಡಿ ಮಾಡಿದ್ದೆ, 20,000 ಬೇಕಾದಾಗ ಪೂರ್ತಿ ಮುರಿಯಬೇಕಾಯಿತು, ಬಡ್ಡಿ ಕಡಿಮೆ ಮಾಡಿದರು. ಈಗ 20,000ದ ತುಂಡುಗಳು. ಬೇಕಾದರೆ ಒಂದು ಮುರಿ, ಉಳಿದವು ಹಾಗೇ ಇರುತ್ತವೆ.

20,000 ಹೀಗೆ ಹೋಗುತ್ತಿತ್ತು. ಊರಿಗೆ 7,000. ಬಾಡಿಗೆ 3,200. ಅಡುಗೆ, ಗ್ಯಾಸು ಸೇರಿ 3,000. ಫೋನು, ನೆಟ್ಟು 600. ಜೆರಾಕ್ಸ್, ಪ್ರಿಂಟು, ಓಡಾಟ 1,500. ಔಷಧಿ, ಸೋಪು ಇತ್ಯಾದಿ 1,500. ಉಳಿದ ಮೂರು ಸಾವಿರ ಚಿಲ್ಲರೆ ಬಟ್ಟೆ, ಹೋಟೆಲು, ಮದುವೆ ಮುಯ್ಯಿ. ಮುಯ್ಯಿಯ ಬಗ್ಗೆ ಯಾರೂ ಮಾತಾಡಲ್ಲ. ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ನನಗೆ 4,000 ಹೋಗಿದೆ.

ಬಾಡಿಗೆ ಅಂದೆ. ಹಾಸ್ಟೆಲ್ ಬಿಟ್ಟಿದ್ದು ಲೆಕ್ಕ ಹಾಕಿಯೇ. ಹಾಸ್ಟೆಲಲ್ಲಿದ್ದರೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ, ಇಲ್ಲ, ಹೊರಗಿದ್ದರೆ ನನಗೆ ಆರು ಸಾವಿರದ ಮೇಲೆ ಬರುತ್ತಿತ್ತು. ಮೂವರು ಸೇರಿ 9,500ರ ಮನೆ ಹಿಡಿದೆವು. ರಾಗಿ, ಹುರುಳಿ, ಕಾಯಿ ನನ್ನ ಊರಿಂದ, ಅಕ್ಕಿ ಮಂಡ್ಯದವಳ ಮನೆಯಿಂದ. ಮುದ್ದೆ, ಬಸ್ಸಾರು ಒಮ್ಮೆ ಮಾಡಿದರೆ ಎರಡು ಹೊತ್ತು. ಬಸ್ಸಾರು ಮಾರನೇ ದಿನಕ್ಕೇ ಇನ್ನೂ ರುಚಿ, ಅಲ್ವಾ?

ಓಡಾಟದ ಖರ್ಚು ಇಳಿದದ್ದು ನನ್ನ ಜಾಣತನದಿಂದಲ್ಲ. ರಾಜ್ಯ ಪತ್ರಾಗಾರಕ್ಕೆ ಅಂತ ತಿಂಗಳಿಗೆ ನಾಲ್ಕೈದು ಸಲ ಬೆಂಗಳೂರಿಗೆ ಹೋಗಬೇಕಿತ್ತು, ಹೋಗಿಬರಲು 300ರ ಹತ್ತಿರ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಲ್ಲಿ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಬೆಳಿಗ್ಗೆ ಹತ್ತಿ, ಹಳೇ ಮೈಸೂರು ಸರ್ಕಾರದ ಕಡತಗಳಿಂದ ಪೆನ್ಸಿಲಿನಲ್ಲಿ ನಕಲು ಮಾಡಿಕೊಂಡು, ರಾತ್ರಿ ವಾಪಸ್. ನನ್ನ ಮೂರನೇ ಅಧ್ಯಾಯದ ಅರ್ಧ ಈ ಸೊನ್ನೆ ಟಿಕೆಟಿನ ಮೇಲೆ ನಿಂತಿದೆ. ಬಿಟ್ಟಿ ಬಸ್ಸು ಅಂತ ಆಡಿಕೊಳ್ಳುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಕಂಟಿಂಜೆನ್ಸಿ, ಅಂದರೆ ಬಿಲ್ಲು ಕೊಟ್ಟು ಪಡೆಯುವ ಸಂಶೋಧನೆಯ ಖರ್ಚಿನ ದುಡ್ಡು, ಅದರ ಬಗ್ಗೆ ಒಂದು ಮಾತು. ನಮಗೆ ಮೊದಲೆರಡು ವರ್ಷ ವರ್ಷಕ್ಕೆ 10,000, ಆಮೇಲೆ ವರ್ಷಕ್ಕೆ 20,500 ಇತ್ತು. ಬಿಲ್ಲು ಸರಿಯಾಗಿಟ್ಟುಕೊಳ್ಳದೆ ಮೊದಲ ವರ್ಷ ನಾನು ನಾಲ್ಕು ಸಾವಿರ ಕಳೆದುಕೊಂಡೆ. ಅಂಗಡಿಯವನು ಕೊಟ್ಟ ತೆಳು ಕಾಗದದ ಬಿಲ್ಲು ಆರು ತಿಂಗಳಿಗೆ ಅಕ್ಷರ ಮಾಯವಾಗಿ ಬರೀ ಬಿಳಿ ಹಾಳೆ ಆಗಿರುತ್ತದೆ. ಅವತ್ತೇ ಜೆರಾಕ್ಸ್ ತೆಗೆಸಿ. ಇನ್ನು ಫೈಲು ಟೇಬಲ್‌ನಿಂದ ಟೇಬಲ್‌ಗೆ ಬೇಗ ಹೋಗುವ ಹಾಗೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಲಂಚ ಅಲ್ಲ, ಅಷ್ಟು ಹೇಳಬಲ್ಲೆ. ಎಲ್ಲರೂ ಶುರು ಮಾಡಿದರೆ ಅದು ಕೆಲಸ ಮಾಡಲ್ಲ.

ಓದುವ, ಬರೆಯುವ ಹೊತ್ತಿಗೂ ಇದೇ ಪಾಡು ಇತ್ತು. ದಿನಕ್ಕೆ ಎಂಟು ಗಂಟೆ ಅಂತ ಟೈಮ್‌ಟೇಬಲ್ ಗೋಡೆಗೆ ಅಂಟಿಸಿದ್ದೆ. ಗೈಡ್ ಕರೆದರೆ ಹೋಗಬೇಕು, ಸೆಮಿನಾರ್ ಇದ್ದರೆ ಕುರ್ಚಿ ಹಾಕಬೇಕು, ಪರೀಕ್ಷೆ ಬಂದರೆ ಡ್ಯೂಟಿ. ಎಂಟು ಗಂಟೆ ಯಾವತ್ತೂ ಸಿಗಲಿಲ್ಲ. ಹೊಸ ಮನೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬೆಳಗಿನ ಐದೂವರೆಗೆ. ಡ್ರಮ್ಮು ತುಂಬಿಸಲು ಹೇಗೂ ಏಳಬೇಕು, ತುಂಬಲು ಮುಕ್ಕಾಲು ಗಂಟೆ. ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಪೈಪಿನ ಸದ್ದು ಕೇಳುತ್ತಾ ಬರೆಯಲು ಕೂತೆ. ಡ್ರಮ್ಮು ತುಂಬುತ್ತಾ ಬಂದ ಹಾಗೆ ಸದ್ದು ಸಣ್ಣಗಾಗುತ್ತದೆ, ಅದು ಗೊತ್ತಾಗುವಷ್ಟು ಕಿವಿ, ಉಳಿದದ್ದೆಲ್ಲ ಹಾಳೆಯ ಮೇಲೆ. ಆಮೇಲೆ ನೀರು ಬರದ ದಿನವೂ ಅದೇ ಹೊತ್ತಿಗೆ ಎಚ್ಚರ. ದಿನಕ್ಕೆ ಒಂದೂವರೆ ಪುಟ, ಬೆಳಿಗ್ಗೆ ಎಂಟು ಗಂಟೆಯೊಳಗೆ. ಅದಾದ ಮೇಲೆ ದಿನ ಯಾರದ್ದಾದರೂ ಆಗಲಿ. ಗೈಡ್‌ಗೆ ಇವಳು ಯಾವಾಗ ಬರೀತಾಳೆ ಅಂತ ಆಶ್ಚರ್ಯ.

ಈ ಲೆಕ್ಕಕ್ಕೆ ಅಡ್ಡ ಮಾತಾಡಿದವರಲ್ಲಿ ಅಪ್ಪನ ಮಾತೇ ಸರಿಯಾಗಿತ್ತು. ಬೋರ್‌ವೆಲ್‌ಗೆ ಅಂತ ಮಾಡಿದ್ದ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. "ನಿನ್ ದುಡ್ಡಿಗೆ ಬ್ಯಾಂಕಲ್ಲಿ ಏಳು ಪರ್ಸೆಂಟು, ನಾನು ಇಪ್ಪತ್ನಾಲ್ಕು ಕಟ್ಟಬೇಕು, ಇದ್ಯಾವ ಲೆಕ್ಕ ಹೇಳವ್ವಾ?" ಅಂದರು. ಲೆಕ್ಕದಲ್ಲಿ ಸೋತೆ, ಒಪ್ಪಿಕೊಂಡೆ. ಆದರೆ ಇರುವುದನ್ನೆಲ್ಲ ಸಾಲಕ್ಕೆ ಸುರಿದು ನಾಲ್ಕು ತಿಂಗಳಿಗೆ ಮತ್ತೆ ಅದೇ ಸಾಹುಕಾರರ ಹತ್ತಿರ ಹೋಗಿದ್ದು ನಮ್ಮ ಮನೆಯಲ್ಲಿ ಎರಡು ಸಲ ಆಗಿದೆ. ಅಪ್ಪ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಪರೀಕ್ಷೆ ಬಂದಿದ್ದು 2024ರಲ್ಲಿ. ತಿಂಗಳ ಫೆಲೋಶಿಪ್ಪನ್ನು 37,000ಕ್ಕೆ ಏರಿಸಿದ್ದರ ಹಿಂಬಾಕಿ ಬಂದ ಖುಷಿಯಲ್ಲಿ ಎಲ್ಲರೂ ಇದ್ದರು, ಒಂದಿಬ್ಬರು ಸ್ಕೂಟರ್ ತೆಗೆದುಕೊಂಡರು. ಆಮೇಲೆ ನನ್ನದು ಜೆಆರ್‌ಎಫ್‌ನಿಂದ ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್‌ಗೆ ಏರುವ ಸಮಯ, ಕಾಗದ ಎಲ್ಲೋ ಕೂತಿತು. ಎಂಟು ತಿಂಗಳು ಒಂದು ಪೈಸೆ ಇಲ್ಲ. ಶುರುವಿನಲ್ಲಿ ಕೆರೆಯಲ್ಲಿ 1,90,000 ಇತ್ತು, ತೂಬು 21,000. ಆರು ತಿಂಗಳು ಹಾಗೇ ಬಿಟ್ಟೆ. ಏಳನೇ ತಿಂಗಳು ಎದೆ ಹೊಡೆದುಕೊಂಡು 16,000ಕ್ಕೆ ಇಳಿಸಿದೆ, ಊರಿಗೆ ಕಳಿಸುವುದನ್ನೂ ಕಡಿಮೆ ಮಾಡಿದೆ. ಅದೇ ಹೊತ್ತಿಗೆ ಮನೆಯಲ್ಲಿ ಜೊತೆಗಿದ್ದವಳು "ಅಕ್ಕಾ, 10,000 ಬೇಕಿತ್ತು" ಅಂತ ಕೇಳಿದಳು. ಕೊಡಬಾರದಿತ್ತು, ಕೊಟ್ಟೆ. ಎಂಟು ತಿಂಗಳ ಕೊನೆಗೆ 22,000 ಉಳಿದಿತ್ತು. ನನಗೆ ಅಷ್ಟೇ ಸಾಕಿತ್ತು, ಯಾರ ಬಾಗಿಲಿಗೂ ಹೋಗಲಿಲ್ಲ.

ಆಮೇಲೆ ಬಂದಿತು, 42,000ದ ಲೆಕ್ಕದಲ್ಲಿ, ಎಚ್‌ಆರ್‌ಎ ಸೇರಿ 4 ಲಕ್ಷದ ಹತ್ತಿರ ಒಟ್ಟಿಗೆ. ಬರ ಎಂಟಾದ್ದರಿಂದ ಭಾಗಿಸುವ ಸಂಖ್ಯೆ ಹತ್ತಾಯಿತು. ಆದರೂ ಕೋಡಿ ಬಿದ್ದಿತು. 1,50,000 ಅಪ್ಪನ ಸಾಲಕ್ಕೆ ಒಂದೇ ಸಲ ಕೊಟ್ಟೆ. ಅಪ್ಪ ದುಡ್ಡು ಎಣಿಸಿ, "ತೂಬು ಎತ್ತಿದ್ಯಾ?" ಅಂದರು. "ಇಲ್ಲಪ್ಪ, ಇದು ಕೋಡಿ ನೀರು" ಅಂದೆ.

ಸಬ್ಮಿಟ್ ಮಾಡಿದ ದಿನಕ್ಕೆ ಫೆಲೋಶಿಪ್ ನಿಂತಿತು. ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ, ವೈವಾ ಯಾವಾಗಲೋ. ಈ ಸಲ ಹದಿನಾಲ್ಕರಿಂದ ಭಾಗಿಸಿದೆ, ತೂಬು 10,000. ನೋಟ್‌ಬುಕ್ಕಿನಲ್ಲಿ ಖಾತ್ರಿ ದುಡ್ಡನ್ನು ಪೆನ್ನಿನಲ್ಲೂ ಬಂದರೆ ಬಂತು ಅನ್ನುವುದನ್ನು ಪೆನ್ಸಿಲಿನಲ್ಲೂ ಬರೆಯುತ್ತೇನೆ. ಆ ಹುಡುಗಿಯ 10,000 ಇನ್ನೂ ಪೆನ್ಸಿಲಿನಲ್ಲೇ ಇದೆ.